ತುಟಿಯಾಡಿಸಿ ಓದಿದವಳು

ಮಕ್ಕಳೇ, ಇಂಗ್ಲಿಷ್ ಬಿ.ಎ. ಪರೀಕ್ಷೆಯಲ್ಲಿ ನಾನು ಯಾರಿಂದಲೋ ಉತ್ತರ ಹೇಳಿಸಿಕೊಂಡು ಬರೆದೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬೇಕು. ನಿಮ್ಮ ಅಜ್ಜನ ತಮ್ಮ ಅದನ್ನು ಉಳ್ಳಾಲದ ಮದುವೆ ಮನೆಗಳಲ್ಲಿ ಊಟದ ಜೊತೆ ಬಡಿಸಿದ್ದಾನೆ. ಎದುರು ನಿಂತು ಅಲ್ಲವೆನ್ನಲು ನನ್ನಿಂದ ಆಗಲಿಲ್ಲ. ಗಂಡಸರ ಮುಂದೆ ನನ್ನ ಸ್ವರ ಮೊದಲಿನಿಂದಲೂ ಗಂಟಲಿನಲ್ಲೇ ಉಳಿಯುತ್ತದೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡದ್ದು ಕೊರೋನಾ ಕಾಲದಲ್ಲಿ. ಗಂಡನನ್ನು ಕಳೆದುಕೊಂಡ ಹೆಂಗಸು ಕೆಲವು ತಿಂಗಳು ಹೊರಗೆ ಕಾಲಿಡದೆ ಮನೆಯೊಳಗೆ ಕುಳಿತುಕೊಳ್ಳುವ ಇದ್ದತ್ ನಮ್ಮಲ್ಲಿ ಉಂಟಲ್ಲ, ಅದಕ್ಕೆ ನಾನು ಕುಳಿತದ್ದು ಕೊಡಿಯಾಲ್‌ಬೈಲಿನ ನಿಮ್ಮ ಫ್ಲ್ಯಾಟಿನ ಒಳಕೋಣೆಯಲ್ಲಿ. ಆ ವರ್ಷ ನಿಮ್ಮ ಶಾಲೆಯೂ ಅದೇ ಕೋಣೆಯಲ್ಲಿತ್ತು. ಟೀಚರ್ ಇಂಗ್ಲಿಷ್ ಪಾಠ ಶುರು ಮಾಡಿದ ಕೂಡಲೇ ನೀವು ಕ್ಯಾಮೆರಾ ಬಂದ್ ಮಾಡಿ ನನ್ನ ಮಂಚದಲ್ಲಿ ಮಲಗಿ ಆಟದ ವಿಡಿಯೋ ನೋಡುತ್ತಿದ್ದಿರಿ. ಪಾಠವನ್ನು ಪೂರ್ತಿ ಕೇಳಿದವಳು ನಾನೊಬ್ಬಳೇ. ಟೀಚರ್ ಕೊಟ್ಟ ಮನೆಪಾಠವನ್ನು ಒಂದೆರಡು ಸಲ ನಾನೇ ಮಾಡಿಟ್ಟೆ. ಅದಕ್ಕೆ ನಿಮಗೆ ‘ಗುಡ್’ ಸಿಕ್ಕಿತ್ತು, ನೆನಪಿದೆಯೋ ಇಲ್ಲವೋ.

ನಾನು ಹತ್ತನೆಯ ತರಗತಿಯವರೆಗೆ ನೇತ್ರಾವತಿಯ ದಡದ ಊರಿನ ಸರಕಾರಿ ಶಾಲೆಯಲ್ಲಿ ಕಲಿತವಳು. ಪಿಯುಸಿಯನ್ನು ಮದುವೆಯಾಗಿ ನಿಮ್ಮ ಅಮ್ಮ ಹುಟ್ಟಿದ ಮೇಲೆ ಮನೆಯಲ್ಲೇ ಓದಿ ಕಟ್ಟಿ ಪಾಸಾದೆ. ಅಲ್ಲಿಗೆ ನಿಂತಿತ್ತು. ಇದ್ದತ್ ಮುಗಿದ ಮೇಲೆ ನಿಮ್ಮ ಅಮ್ಮ ಅತ್ತಾವರದ ಆಸ್ಪತ್ರೆಯ ಲ್ಯಾಬಿನಿಂದ ಬಂದವಳು ಬುರ್ಖಾ ತೆಗೆಯುವ ಮೊದಲೇ ಹೇಳಿದಳು, “ಉಮ್ಮಾ, ಒಂದು ಯೂನಿವರ್ಸಿಟಿಯವರು ಆನ್‌ಲೈನಿನಲ್ಲಿ ಬಿ.ಎ. ಮಾಡಿಸ್ತಾರೆ. ಇಂಗ್ಲಿಷ್ ಲಿಟರೇಚರ್ ಉಂಟು. ನಾನು ಹೆಸರು ಕೊಟ್ಟಾಯ್ತು.” ನನ್ನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದೆ. ಅದು ಅವಳಿಗೆ ಗೊತ್ತಿತ್ತು.

ಶುಕ್ರವಾರ ಬಂದ ನಿಮ್ಮ ಅಜ್ಜನ ತಮ್ಮ ಚಹಾ ಕುಡಿಯುತ್ತಾ ಕೇಳಿದ, “ಎಂತ ಅತ್ತಿಗೆ, ಇಂಗ್ಲಿಷ್ ಕಲ್ತು ದುಬೈಯಲ್ಲಿ ಮ್ಯಾನೇಜರ್ ಆಗ್ಲಿಕ್ಕುಂಟಾ?” ಅವನು ಬಟ್ಟೆ ಅಂಗಡಿಯಲ್ಲಿ ಹೆಂಗಸರ ಹತ್ತಿರ ಮೀಟರಿಗೆ ಮೀಟರ್ ಮಾತನಾಡಿ ಅಭ್ಯಾಸವಾದವನು. ತನ್ನ ಮಾತಿಗೆ ತಾನೇ ನಕ್ಕು ತಟ್ಟೆಯಿಂದ ಇನ್ನೊಂದು ಅಕ್ಕಿಹಿಟ್ಟಿನ ಪತ್ತಿರ್ ತೆಗೆದುಕೊಂಡ.

ವಿಶ್ವವಿದ್ಯಾಲಯ ಎಂಬ ಶಬ್ದದ ಮೇಲೆ ನನಗೆ ಬಹಳ ಗೌರವವಿತ್ತು. ಅದು ಮೊದಲ ವಾರದಲ್ಲೇ ಕರಗಿತು. ಪಾಠ ಸಂಜೆ. ಮೇಷ್ಟ್ರು ಬಂದು “ಆಡಿಬಲ್? ಎಲ್ಲರಿಗೂ ಆಡಿಬಲ್?” ಎಂದು ಕೇಳುವುದರಲ್ಲಿ ಸ್ವಲ್ಪ ಹೊತ್ತು ಹೋಗುತ್ತಿತ್ತು. ಆಮೇಲೆ ಪರದೆಯ ಮೇಲೆ ಬರೆದದ್ದನ್ನೇ ಮೇಲಿನಿಂದ ಕೆಳಗೆ ಓದುತ್ತಿದ್ದರು. ಕಾದಂಬರಿಯ ವಸ್ತು ನಾಲ್ಕು, ಪಾತ್ರಗಳ ಗುಣ ಐದು, ಲೇಖಕನ ವೈಶಿಷ್ಟ್ಯ ಆರು. ಕಾದಂಬರಿಯನ್ನು ತೆರೆದು ಒಂದು ಪುಟ ಓದಿ ತೋರಿಸಿದ ಮೇಷ್ಟ್ರನ್ನು ನಾನು ಮೂರು ವರ್ಷದಲ್ಲಿ ನೋಡಲಿಲ್ಲ. ಮೀನು ಮಾರುವವಳು ಬುಟ್ಟಿಯ ಮುಚ್ಚಳ ತೆಗೆಯದೆ ಮೀನಿನ ಗುಣಗಾನ ಮಾಡಿದರೆ ನಾವು ಕೊಳ್ಳುತ್ತೇವೆಯೇ?

ಒಮ್ಮೆ ಒಬ್ಬ ಮೇಷ್ಟ್ರು ಪ್ರಶ್ನೆ ಕೇಳಿಬಿಟ್ಟರು. ನಾಯಕಿ ಅಣ್ಣನ ಮನೆ ಬಿಟ್ಟು ಹೋದದ್ದು ಯಾಕೆ ಎಂದು. ನೂರಕ್ಕೂ ಹೆಚ್ಚು ಜನರ ಹೆಸರು ಪರದೆಯಲ್ಲಿ ಸಾಲಾಗಿತ್ತು, ಯಾರೂ ಬಾಯಿ ಬಿಡಲಿಲ್ಲ. ನನಗೆ ಉತ್ತರ ಗೊತ್ತಿತ್ತು. ಮೈಕಿನ ಗುಂಡಿಯ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಕೊನೆಗೆ ಮೇಷ್ಟ್ರೇ ಉತ್ತರ ಹೇಳಿ, “ವೆರಿ ಗುಡ್” ಎಂದು ತಮ್ಮನ್ನು ತಾವೇ ಮೆಚ್ಚಿಕೊಂಡು ಮುಂದಿನ ಪುಟಕ್ಕೆ ಹೋದರು. ಅವರು ಹೇಳಿದ ಉತ್ತರ ತಪ್ಪಾಗಿರಲಿಲ್ಲ, ಆದರೆ ಪುಸ್ತಕ ಓದಿ ಹೇಳಿದ ಉತ್ತರವೂ ಆಗಿರಲಿಲ್ಲ.

ಸಹಪಾಠಿಗಳೆಂಬವರು ವಾಟ್ಸಾಪ್ ಗುಂಪಿನಲ್ಲಿದ್ದರು. ಬೆಳಿಗ್ಗೆ ಗುಲಾಬಿ ಹೂ, ಸಂಜೆ “ಇಂಪಾರ್ಟೆಂಟ್ ಕ್ವೆಶ್ಚನ್ ಇದ್ದರೆ ಹಾಕಿ ಪ್ಲೀಸ್”. ನಾನು ನೋಡಿದಷ್ಟು ದಿನ ಅದಷ್ಟೇ. ಇಂಗ್ಲಿಷ್ ಸಾಹಿತ್ಯ ಓದಲು ಬಂದವರ ನಡುವೆ ಒಂದು ಕಥೆಯ ಬಗ್ಗೆ ಒಂದು ಮಾತು ಬಂದದ್ದು ನಾನು ಕಂಡಿಲ್ಲ.

ನಾನು ಪುಸ್ತಕಗಳನ್ನೇ ಓದಿದೆ. ನಿಮ್ಮ ಅಮ್ಮ ಹಳೆಯ ಪುಸ್ತಕದ ಅಂಗಡಿಯಿಂದ ತಂದುಕೊಡುತ್ತಿದ್ದಳು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಕೆಳಗೆ ಸ್ಟೂಲ್ ಇಟ್ಟು ಕುಳಿತರೆ ಕೆಳಗೆ ಬಸ್ಸು, ರಿಕ್ಷಾ, ಕಾಲೇಜು ಮಕ್ಕಳ ಗಲಾಟೆ. ಆದರೂ ನನ್ನ ಓದು ನನಗೆ ಕೇಳಿಸುತ್ತಿತ್ತು. ಇಂಗ್ಲಿಷರು ಬಹಳ ಬೇರೆ ಜನ ಎಂದುಕೊಂಡಿದ್ದೆ. ಅವರ ಕಾದಂಬರಿಗಳಲ್ಲೂ ನಮ್ಮ ಮನೆಗಳ ಹಾಗೆಯೇ ಮದುವೆಯ ಮಾತು, ಆಸ್ತಿಯ ಮಾತು, ಯಾರ ಮನೆಗೆ ಯಾರು ಮೊದಲು ಹೋಗಬೇಕೆಂಬ ಮಾತು. ಒಂದು ಪುಟಕ್ಕೆ ಹತ್ತು ಸಲ ಡಿಕ್ಷನರಿ ನೋಡಿದರೂ ಆ ಮನೆಗಳೊಳಗೆ ನಾನು ದಾರಿ ತಪ್ಪಲಿಲ್ಲ.

ಈಗ ನನ್ನ ಓದುವ ರೀತಿಯನ್ನು ಹೇಳಬೇಕು, ಏಕೆಂದರೆ ಅಪರಾಧವಾದದ್ದು ಅದೇ.

ನಾವು ಮಕ್ಕಳು ಶಾಲೆಗೆ ಮೊದಲು ಬೆಳಿಗ್ಗೆ ಮದ್ರಸಕ್ಕೆ ಹೋಗುತ್ತಿದ್ದೆವು. ಅಲ್ಲಿಯ ಉಸ್ತಾದರು ಅಕ್ಷರ ಕಲಿಸಿದ ಕ್ರಮ ಒಂದೇ. ಕಣ್ಣಿನಲ್ಲಿ ನೋಡಿದ್ದು ಓದಾಗುವುದಿಲ್ಲ. ನಾಲಿಗೆ ತಿರುಗಬೇಕು, ತುಟಿ ಅಲ್ಲಾಡಬೇಕು, ತನ್ನ ಸ್ವರ ತನ್ನ ಕಿವಿಗೆ ಕೇಳಬೇಕು, ಪಕ್ಕದಲ್ಲಿ ಕುಳಿತವಳ ಓದು ಕೆಡಬಾರದು. ಅವರು ಸಾಲುಗಳ ನಡುವೆ ನಡೆಯುವಾಗ ಪುಸ್ತಕ ನೋಡುತ್ತಿರಲಿಲ್ಲ, ನಮ್ಮ ಬಾಯಿ ನೋಡುತ್ತಿದ್ದರು. ತುಟಿ ಮುಚ್ಚಿ ಕುಳಿತವಳ ಕಿವಿ ಹಿಂಡುತ್ತಿದ್ದರು. ಅಲ್ಲಿಂದ ಎದ್ದು ಓಡಿ ಶಾಲೆಗೆ ಬಂದರೆ ಕನ್ನಡವನ್ನೂ ಹಾಗೆಯೇ ಓದಿದೆವು. ನಮ್ಮ ಬಾಯಿಗೆ ಎರಡು ಬಗೆಯ ಓದು ಗೊತ್ತಿರಲಿಲ್ಲ. ನಾನು ಇಂದಿಗೂ ಪೇಪರನ್ನು, ಮದುವೆ ಕಾಗದವನ್ನು, ಔಷಧದ ಚೀಟಿಯನ್ನು ಹಾಗೆಯೇ ಓದುವುದು. ಇಂಗ್ಲಿಷನ್ನೂ ಹಾಗೆಯೇ ಓದಿದೆ. ನನ್ನ ಪಕ್ಕದಲ್ಲಿ ನೀವು ಕುಳಿತಿದ್ದರೂ ನಿಮಗೆ ಕೇಳುವುದಿಲ್ಲ. ನನಗೆ ಕೇಳದಿದ್ದರೆ ನನಗೆ ಅರ್ಥವಾಗುವುದಿಲ್ಲ.

ಮೊದಲೆರಡು ವರ್ಷ ಪರೀಕ್ಷೆ ಹತ್ತಿರದ ಒಂದು ಶಾಲೆಯಲ್ಲಿ, ಕಾಗದದ ಮೇಲೆ ನಡೆಯಿತು. ಕಾವಲಿಗೆ ನಿಂತ ಹುಡುಗಿ ಮೊಬೈಲ್ ನೋಡುತ್ತಿದ್ದಳು, ನನ್ನ ತುಟಿಯ ಗೊಡವೆಗೆ ಬರಲಿಲ್ಲ. ಎಲ್ಲ ಪೇಪರಿನಲ್ಲೂ ಪಾಸಾದೆ. ಕೊನೆಯ ವರ್ಷ ವಿಶ್ವವಿದ್ಯಾಲಯಕ್ಕೆ ಬುದ್ಧಿ ಹೆಚ್ಚಾಗಿ ಪರೀಕ್ಷೆಯೂ ಮನೆಯಲ್ಲೇ ಎಂದಿತು. ಕೋಣೆಯಲ್ಲಿ ಒಬ್ಬರೇ ಕುಳಿತುಕೊಳ್ಳಬೇಕು, ಲ್ಯಾಪ್‌ಟಾಪಿನ ಕ್ಯಾಮೆರಾ ಮುಖವನ್ನು ನೋಡುತ್ತಿರುತ್ತದೆ, ಅದರ ಹಿಂದೆ ಮನುಷ್ಯರಿಲ್ಲ, ಯಂತ್ರ ಮಾತ್ರ. ಯಾರಾದರೂ ಬಂದರೆ, ಎದ್ದರೆ, ಮಾತನಾಡಿದರೆ ಅದೇ ಗುರುತು ಹಾಕಿಕೊಳ್ಳುತ್ತದೆ.

ಕೊನೆಯ ಪೇಪರ್ ಕಾದಂಬರಿಯದು. ಉಳಿದವುಗಳಲ್ಲಿ ಬರೆಯುವುದೇ ಹೆಚ್ಚು, ಇದರಲ್ಲಿ ಮಾತ್ರ ಕಾದಂಬರಿಗಳಿಂದ ಉದ್ದುದ್ದ ಭಾಗಗಳನ್ನು ಕೊಟ್ಟು, ಓದಿ ಉತ್ತರಿಸಿ ಎಂದಿದ್ದರು. ನಾನು ಓದಿದೆ. ಸಂತೋಷದಿಂದ ಓದಿದೆ ಎಂದೇ ಹೇಳುತ್ತೇನೆ, ಏಕೆಂದರೆ ಆ ಭಾಗಗಳೆಲ್ಲ ಬಾಲ್ಕನಿಯಲ್ಲಿ ಓದಿದ ಪುಟಗಳು. ಮುಗಿಸಿ ಎದ್ದು ನಿಮ್ಮ ಅಮ್ಮನಿಗೆ ಫೋನ್ ಮಾಡಿ, “ಆಯ್ತು, ಒಳ್ಳೆದಾಯ್ತು” ಎಂದೆ.

ಉಳಿದ ಪೇಪರುಗಳ ಫಲಿತಾಂಶ ಬಂತು. ಕಾದಂಬರಿಯ ಎದುರಿಗೆ ಮಾತ್ರ ‘ತಡೆಹಿಡಿಯಲಾಗಿದೆ’ ಎಂದಿತ್ತು. ಪರೀಕ್ಷೆಯುದ್ದಕ್ಕೂ ಅಭ್ಯರ್ಥಿ ಕೋಣೆಯಲ್ಲಿದ್ದ ಬೇರೊಬ್ಬರ ಜೊತೆ ಮಾತನಾಡಿದ್ದಾರೆ ಎಂದು ಯಂತ್ರ ಗುರುತು ಹಾಕಿತ್ತು. ಇನ್ನೊಬ್ಬರಿಂದ ಉತ್ತರ ಪಡೆದೆನೆಂದು ಒಪ್ಪಿಕೊಂಡರೆ ಆ ಪೇಪರ್ ರದ್ದಾಗಿ ಮತ್ತೊಮ್ಮೆ ಬರೆಯಬಹುದು, ಪಾಸಾದರೆ ಪದವಿ ಸಿಗುತ್ತದೆ. ಒಪ್ಪದಿದ್ದರೆ ಸಮಿತಿಯ ಮುಂದೆ ವಿಚಾರಣೆ.

ಕೊಡಿಯಾಲ್‌ಬೈಲಿನಲ್ಲೇ ಈ ವಿಶ್ವವಿದ್ಯಾಲಯದ ಕೆಲಸ ನೋಡಿಕೊಳ್ಳುವ ಒಂದು ಸಹಾಯ ಕೇಂದ್ರವಿತ್ತು. ಝೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ, ಒಂದು ಎ.ಸಿ., ಒಬ್ಬ ಮನುಷ್ಯ. ನಿಮ್ಮ ಅಮ್ಮ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ನಾನು ತುಟಿಯಾಡಿಸಿ ಓದುವ ವಿಷಯ ಹೇಳಿದಳು.

“ಎಂತ ಆಂಟಿ ನೀವು,” ಎಂದ ಅವನು. “ಬಾಯಿ ಯಾಕೆ ಆಡಿಸ್ಲಿಕ್ಕೆ ಹೋದದ್ದು? ಎಲ್ಲರ ಹಾಗೆ ಸುಮ್ನೆ ಕೂತು ವಾಟ್ಸಾಪ್ ನೋಡಿ ಬರೆದಿದ್ರೆ ಈ ರಗಳೆಯೇ ಇರ್ಲಿಲ್ಲ.”

“ವಾಟ್ಸಾಪ್ ನೋಡಿ?” ಎಂದಳು ನಿಮ್ಮ ಅಮ್ಮ.

“ಮತ್ತೆ? ಗ್ರೂಪಿನಲ್ಲಿ ಉತ್ತರ ಬರ್ತಾ ಇತ್ತಲ್ಲ. ಮೊಬೈಲನ್ನು ಲ್ಯಾಪ್‌ಟಾಪಿಗೆ ಒರಗಿಸಿ ಇಟ್ರೆ ಕ್ಯಾಮೆರಾಕ್ಕೆ ಕಾಣುದಿಲ್ಲ. ಎಲ್ರೂ ಪಾಸ್. ಆಂಟಿ ಗ್ರೂಪ್ ನೋಡುದೇ ಇಲ್ವಾ?”

ನಾನು ನೋಡುತ್ತಿರಲಿಲ್ಲ. ಗುಲಾಬಿ ಹೂಗಳಿಗೆ ಹೆದರಿ ಗುಂಪಿನ ಸದ್ದನ್ನು ಬಂದ್ ಮಾಡಿಟ್ಟಿದ್ದೆ. ನಕಲು ಮಾಡಿದವರ ತುಟಿ ಮುಚ್ಚಿತ್ತು, ಆದ್ದರಿಂದ ಅವರು ಪ್ರಾಮಾಣಿಕರು. ಓದಿದವಳ ತುಟಿ ಅಲ್ಲಾಡಿತು, ಆದ್ದರಿಂದ ಅವಳು ಕಳ್ಳಿ. ಇದನ್ನು ಅವನು ನಗುತ್ತಾ, ನಮಗೆ ಉಪಕಾರ ಮಾಡುವವನ ಹಾಗೆ ಹೇಳಿದ. ಆ ಎ.ಸಿ. ಕೋಣೆಯಲ್ಲಿ ನನಗೆ ಸಿಟ್ಟು ಬರಲಿಲ್ಲ. ಅಕ್ಕಿಯಲ್ಲಿ ಹುಳ ಕಂಡರೆ ಸಿಟ್ಟು ಬರುತ್ತದೆಯೇ? ಅಂಥದ್ದು ಏನೋ ಬಂತು.

“ಒಪ್ಕೊಂಡುಬಿಡಿ ಆಂಟಿ. ಫಾರ್ಮಾಲಿಟಿ ಅಷ್ಟೆ. ಮುಂದಿನ ಸಲ ನಾನೇ ಕೂತು ಬರೆಸ್ತೇನೆ.”

ಮನೆಯಲ್ಲೂ ಅದೇ ಮಾತು. ನಿಮ್ಮ ಅಜ್ಜನ ತಮ್ಮ ಬಂದು, “ನಮ್ಮ ಅಂಗಡಿಯಲ್ಲಿ ದಿನಾ ಎಷ್ಟು ಕಾಗದಕ್ಕೆ ಸೈನ್ ಹಾಕ್ತೇವೆ, ಎಲ್ಲ ಓದಿಯಾ ಹಾಕುದು?” ಎಂದ. ನಿಮ್ಮ ಅಮ್ಮನಿಗೆ ಅವನ ಮಾತು ಇಷ್ಟವಾಗಲಿಲ್ಲ, ಆದರೂ ಅವನು ಹೋದ ಮೇಲೆ ನನ್ನ ಹತ್ತಿರ ಬಂದು ಕುಳಿತಳು.

“ಉಮ್ಮಾ, ಯಾರು ನೋಡ್ತಾರೆ ಅದನ್ನ?”

“ನಾನು ನೋಡ್ತೇನಲ್ಲ.”

“ನಿಮ್ಗೆ ಡಿಗ್ರಿ ಬೇಕಾ ಬೇಡ್ವಾ?”

ಬೇಕಿತ್ತು. ಇದನ್ನು ಮುಚ್ಚಿಡುವುದಿಲ್ಲ. ಬಹಳ ಬೇಕಿತ್ತು. ಈ ಮನೆತನದಲ್ಲಿ ಹೆಂಗಸರು ಓದಿದ್ದು ನಿಮ್ಮ ಅಮ್ಮನಿಂದ ಶುರುವಾಯಿತು ಎನ್ನುತ್ತಾರೆ. ಅವಳಿಗಿಂತ ಮೊದಲು ಓದಬೇಕೆಂದುಕೊಂಡವಳು ನಾನು ಎನ್ನಲು ಆ ಒಂದು ಕಾಗದ ಸಾಕಿತ್ತು. ಆದರೆ ಕದ್ದು ಬರೆದೆ ಎಂದು ನನ್ನ ಬಾಯಿಂದ ಹೇಳಿ ಪಡೆದ ಕಾಗದ ನಾನು ಓದಿದ್ದಕ್ಕೆ ಸಾಕ್ಷಿಯಾಗುವುದು ಹೇಗೆ? ವಿಚಾರಣೆಗೆ ಹೋಗುತ್ತೇನೆ ಎಂದೆ. ಮೈಕಿನ ಗುಂಡಿ ಒತ್ತಲಾಗದವಳು ಹಾಗೆ ಹೇಳಿದ್ದನ್ನು ಕೇಳಿ ನಿಮ್ಮ ಅಮ್ಮ ನನ್ನ ಮುಖವನ್ನೇ ನೋಡಿದಳು.

ವಿಚಾರಣೆಯೂ ಲ್ಯಾಪ್‌ಟಾಪಿನಲ್ಲೇ. ಮೂವರಿದ್ದರು. ಅಧ್ಯಕ್ಷರ ಹಿಂದೆ ಪುಸ್ತಕಗಳ ದೊಡ್ಡ ಕಪಾಟು ಕಾಣುತ್ತಿತ್ತು. ಅವರು ತಲೆ ಅಲ್ಲಾಡಿಸಿದಾಗಲೆಲ್ಲ ಕಿವಿಯ ಸುತ್ತ ಪುಸ್ತಕಗಳು ಕಲಸಿಹೋಗುತ್ತಿದ್ದವು. ಅದು ಕಪಾಟಲ್ಲ, ಕಪಾಟಿನ ಚಿತ್ರ. ಎರಡನೆಯವರು ಕಾರಿನಲ್ಲಿ ಎಲ್ಲಿಗೋ ಹೋಗುತ್ತಿದ್ದರು. ಮೂರನೆಯವರು ನನ್ನದೇ ಪ್ರಾಯದ ಒಬ್ಬ ಮೇಡಂ.

ಅಧ್ಯಕ್ಷರು ಇಂಗ್ಲಿಷಿನಲ್ಲಿ ಕೇಳಿದರು. ನನಗೆ ಎಲ್ಲ ಅರ್ಥವಾಯಿತು, ಆದರೆ ಇಂಗ್ಲಿಷಿನ ಉತ್ತರ ಗಂಟಲಿನಿಂದ ಮೇಲೆ ಬರಲಿಲ್ಲ. ಕನ್ನಡದಲ್ಲಿ ಹೇಳಬಹುದೇ ಎಂದು ಕೇಳಿದೆ. ಇಂಗ್ಲಿಷ್ ಬಿ.ಎ. ಮಾಡುವವಳು ಕನ್ನಡ ಕೇಳುತ್ತಾಳೆಂದು ಕಾರಿನವರು ನಕ್ಕರು.

“ಸರಿ, ಹೇಳಿ. ಯಾರ ಹತ್ರ ಮಾತಾಡ್ತಾ ಇದ್ರಿ?” ಎಂದು ಅಧ್ಯಕ್ಷರು ಕೇಳಿದರು.

“ಯಾರ ಹತ್ರವೂ ಇಲ್ಲ ಸರ್. ಪ್ರಶ್ನೆ ಓದ್ತಾ ಇದ್ದೆ.”

“ಓದೋದಕ್ಕೆ ಬಾಯಿ ಯಾಕೆ?”

“ನಾನು ಕಲಿತದ್ದು ಹಾಗೆ ಸರ್. ಬಾಯಲ್ಲಿ ಹೇಳಿಕೊಂಡೇ ಓದುದು.”

“ಎಲ್ಲಿ ಕಲಿತ್ರಿ?”

“ಊರಿನಲ್ಲಿ.” ಮದ್ರಸದ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಮಾತು ಬೇರೆ ಕಡೆಗೆ ಹೋಗುತ್ತಿತ್ತು, ಅಲ್ಲಿಗೆ ಹೋಗುವುದು ನನಗೆ ಬೇಕಿರಲಿಲ್ಲ. “ವಿಡಿಯೋದಲ್ಲಿ ಸ್ವರವೂ ಉಂಟಲ್ಲ ಸರ್. ಕೇಳಿ. ನಿಮ್ಮ ಪ್ರಶ್ನೆಯನ್ನೇ ಓದಿದ್ದು ಗೊತ್ತಾಗ್ತದೆ.”

“ಕೇಳಿದ್ದೀವಿ. ಏನೂ ಕೇಳ್ಸಲ್ಲ. ಅಷ್ಟು ಮೆಲ್ಲಗೆ ಮಾತಾಡಿದ್ದೀರಿ. ಅದೇ ಡೌಟ್.”

ಪಕ್ಕದವಳ ಓದು ಕೆಡದ ಹಾಗೆ ಓದುವುದನ್ನು ಕಲಿತದ್ದಕ್ಕೆ ಸಿಕ್ಕಿದ ಫಲ ಇದು.

ಆಗ ಮೇಡಂ ಮೊದಲ ಸಲ ಮಾತನಾಡಿದರು. “ನಮ್ಮಜ್ಜಿನೂ ಹೀಗೇ ಓದ್ತಿದ್ರು ಸರ್. ಪೇಪರ್ ಕೂಡ ತುಟಿ ಆಡಿಸ್ಕೊಂಡೇ.”

ಅಧ್ಯಕ್ಷರು, “ಮೇಡಂ, ಅದೆಲ್ಲ ಪರ್ಸನಲ್,” ಎಂದರು. ಮೇಡಂ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಅವರ ಮುಖದ ಜಾಗದಲ್ಲಿ ಹೆಸರು ಮಾತ್ರ ಉಳಿಯಿತು. ನೆಟ್‌ವರ್ಕ್ ಹೋಯಿತೋ, ಅವರೇ ಹೋದರೋ ತಿಳಿಯದು. ಹೀಗೂ ಓದುತ್ತಾರೆಂದು ಅಧ್ಯಕ್ಷರಿಗೆ ಗೊತ್ತಿರಲಿಲ್ಲ, ಕಾರಿನವರಿಗೆ ಬೇಕಾಗಿರಲಿಲ್ಲ. ಅವರಿಬ್ಬರನ್ನು ನಾನು ಆಗಲೇ ಮರೆತುಬಿಡುತ್ತಿದ್ದೆ. ಈ ಮೇಡಂಗೆ ಗೊತ್ತಿತ್ತು. ಗೊತ್ತಿದ್ದು ಮುಖ ಮರೆಸಿದವರ ಬಗ್ಗೆ ನನಗಿರುವ ತಾತ್ಸಾರ ಇಷ್ಟು ದಿನ ಕಳೆದರೂ ಇಳಿದಿಲ್ಲ.

ಕೊನೆಗೆ ಕಾರಿನವರಿಗೆ ಒಂದು ಉಪಾಯ ಹೊಳೆಯಿತು. “ಒಂದು ಪ್ಯಾಸೇಜ್ ಹಾಕಿ ಸರ್. ಬಾಯಿ ಮುಚ್ಕೊಂಡು ಓದ್ಲಿ, ನೋಡೋಣ.”

ಪರದೆಯ ಮೇಲೆ ಒಂದು ಪುಟ ಬಂತು. ನಾನು ತುಟಿಗಳನ್ನು ಬಿಗಿಯಾಗಿ ಒತ್ತಿ ಹಿಡಿದೆ. ಅಕ್ಷರಗಳು ಕಂಡವು. ಶಬ್ದಗಳೂ ಕಂಡವು. ಗೋಡೆಯ ಆಚೆ ಯಾರೋ ಮಾತನಾಡುವಾಗ ಬಾಯಿಯ ಅಲುಗಾಟ ಮಾತ್ರ ಕಿಟಕಿಯಲ್ಲಿ ಕಂಡ ಹಾಗೆ, ಒಂದೂ ನನ್ನವರೆಗೆ ಬರಲಿಲ್ಲ. ಮೂರನೆಯ ಸಾಲಿನಲ್ಲಿ ತುಟಿ ತಾನಾಗಿ ಬಿಚ್ಚಿಕೊಂಡಿತು, ಕೂಡಲೇ ಕಥೆ ಒಳಗೆ ಬಂತು. ಇಬ್ಬರು ಅಕ್ಕತಂಗಿಯರು ಮನೆ ಖಾಲಿ ಮಾಡುವ ಭಾಗ ಅದು.

“ನೋಡಿ, ನೋಡಿ, ಈಗ್ಲೂ ಅಲ್ಲಾಡ್ತಿದೆ.”

“ಅದನ್ನೇ ನಾನು ಹೇಳಿದ್ದು ಸರ್.”

“ಅಂದ್ರೆ ಒಪ್ಕೊಳ್ತೀರಿ.”

“ತುಟಿ ಅಲ್ಲಾಡಿದ್ದನ್ನು ಒಪ್ತೇನೆ ಸರ್. ಯಾರೋ ಹೇಳಿಕೊಟ್ರು ಎಂಬುದನ್ನು ಒಪ್ಪುದಿಲ್ಲ.”

ನನ್ನ ಸ್ವರ ಅಷ್ಟು ನೆಟ್ಟಗೆ ಬಂದದ್ದು ನನಗೇ ಹೊಸದು. ಅಧ್ಯಕ್ಷರು ಥ್ಯಾಂಕ್ಯೂ ಎಂದರು, ಪರದೆ ಕಪ್ಪಾಯಿತು. ಪುಟದಲ್ಲಿ ಏನಿತ್ತೆಂದು ಅವರು ಕೇಳಲಿಲ್ಲ. ಸಾಹಿತ್ಯದ ಸಮಿತಿಗೆ ಓದಿದವಳು ಏನನ್ನು ಓದಿದಳು ಎಂಬುದರಲ್ಲಿ ಆಸಕ್ತಿ ಇರಲಿಲ್ಲ, ಓದುವಾಗ ಮುಖ ಹೇಗಿತ್ತು ಎಂಬುದರಲ್ಲಿ ಇತ್ತು.

ಕೆಲವು ವಾರಗಳ ಮೇಲೆ ತೀರ್ಮಾನ ಬಂತು. ಸಮಿತಿ ಉದಾರವಾಗಿ ಯೋಚಿಸಿದೆಯಂತೆ. ಇದು ಮೊದಲ ತಪ್ಪಾದ್ದರಿಂದ ಪೇಪರ್ ಮತ್ತೆ ಬರೆಯಲು ಅವಕಾಶ, ಆದರೆ ಇನ್ನೊಬ್ಬರ ಸಹಾಯ ಪಡೆದದ್ದನ್ನು ಮೊದಲು ಒಪ್ಪಬೇಕು. ವಿಚಾರಣೆ ಮಾಡಿ, ನನ್ನ ಮಾತು ಕೇಳಿ, ಹೊರಟಲ್ಲಿಗೇ ಬಂದು ನಿಂತಿದ್ದರು.

ಮಧ್ಯಾಹ್ನ ನಾನು ಬಂಗುಡೆ ಕೊಯ್ಯುತ್ತಿದ್ದಾಗ ಸಹಾಯ ಕೇಂದ್ರದವನು ಫೋನ್ ಮಾಡಿದ. ನಿಮ್ಮ ಅಮ್ಮ ರಜೆಯಲ್ಲಿ ಮನೆಯಲ್ಲಿದ್ದಳು, ಅವಳೇ ಸ್ಪೀಕರಿಗೆ ಹಾಕಿ ನನ್ನ ಎದುರು ಹಿಡಿದಳು.

“ಆಂಟಿ, ಇವತ್ತು ಲಾಸ್ಟ್ ಡೇಟ್. ಒಪ್ಪಿಗೆಯ ಫಾರ್ಮಿಗೆ ನಾನು ಇಲ್ಲಿಂದಲೇ ಒತ್ತಿದ್ದೇನೆ. ನಿಮ್ಮ ಮೊಬೈಲಿಗೆ ಓಟಿಪಿ ಬಂದುಂಟು. ಹೇಳಿ.”

ಓಟಿಪಿ ಬಂದಿತ್ತು. ನಿಮ್ಮ ಅಮ್ಮ ಅದನ್ನು ಓದಿ ಹೇಳಬಹುದಿತ್ತು. ಅವಳು ಓದಲಿಲ್ಲ, ನನ್ನನ್ನು ನೋಡುತ್ತಾ ನಿಂತಳು. ಅದಕ್ಕಾಗಿ ಅವಳ ಮೇಲೆ ನನಗೆ ಯಾವತ್ತೂ ಪ್ರೀತಿ ಇರುತ್ತದೆ.

“ಆಂಟಿ? ಟೈಮ್ ಹೋಗ್ತದೆ. ಬೇಗ ಹೇಳಿ ಮಾರಾಯ್ರೆ.”

“ಹೇಳುದಿಲ್ಲ.”

“ಎಂತ ಹೇಳುದಿಲ್ಲ?”

“ಯಾರೂ ನನಗೆ ಹೇಳಿಕೊಡ್ಲಿಲ್ಲ. ಹೇಳಿಕೊಟ್ಟಿದ್ದಾರೆ ಅಂತ ನಾನು ಬರೆದುಕೊಡುದಿಲ್ಲ.”

“ಹಾಗಾದ್ರೆ ಡಿಗ್ರಿ ಇಲ್ಲ ಆಂಟಿ. ಮೂರು ವರ್ಷ ವೇಸ್ಟ್.”

“ನಿಮ್ಮ ಗ್ರೂಪಿನವರಿಗೆ ಸಿಕ್ಕಿದೆಯಲ್ಲ. ಅಷ್ಟು ಸಾಕು,” ಎಂದೆ. ನಿಮ್ಮ ಅಮ್ಮನಿಗೆ ಫೋನ್ ಇಡಲು ಸನ್ನೆ ಮಾಡಿದೆ, ನನ್ನ ಕೈಯೆಲ್ಲ ಮೀನಿನದ್ದಾಗಿತ್ತು.

ಅವಳು ಫೋನ್ ಇಟ್ಟು, ಅಡುಗೆಮನೆಯ ಬಾಗಿಲಿನಲ್ಲೇ ಕುಳಿತು ಅತ್ತಳು. ಸಿಟ್ಟಿನಲ್ಲೋ, ನನಗಾಗಿಯೋ, ಕೇಳಲಿಲ್ಲ. ನಾನು ಅಳಲಿಲ್ಲ. ಬಂಗುಡೆಗೆ ಮಸಾಲೆ ಹಚ್ಚಿದೆ.

ಮುಂದಿನ ತಿಂಗಳ ಒಂದು ನಿಕಾಹ್‌ನಲ್ಲಿ ನಿಮ್ಮ ಅಜ್ಜನ ತಮ್ಮ ಹೆಂಗಸರ ಪಂಕ್ತಿಯ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ, “ಎಂತ ಅತ್ತಿಗೆ, ಬಿ.ಎ. ಫೇಲಾ?” ಎಂದ. ನಾನು ತಟ್ಟೆ ನೋಡಿದೆ. ನನ್ನ ಎರಡು ಪಕ್ಕದಲ್ಲಿ ಕುಳಿತವರೂ ಉಣ್ಣುವುದನ್ನು ನಿಲ್ಲಿಸಿ ಕಾಯುತ್ತಿದ್ದರು. ಎಂದಿನಂತೆ ಸ್ವರ ಏಳಲಿಲ್ಲ, ಸುಮ್ಮನೆ ಉಂಡೆ.

ಆ ದಿನ ಹೇಳಲಾಗದ್ದು ಇಷ್ಟೇ. ಕೇಳಿದವರಿಗೆ ನೀವು ಹೇಳಬಹುದು. ಅಜ್ಜಿ ಫೇಲಾಗಲಿಲ್ಲ. ಕೊಟ್ಟ ಪುಸ್ತಕಗಳನ್ನೆಲ್ಲ ಓದಿದಳು, ಸುಳ್ಳು ಒಪ್ಪಿದರೆ ಕೊಡುತ್ತೇವೆಂದ ಪದವಿಯನ್ನು ಬೇಡವೆಂದಳು.